ನಾಲ್ಕು ತಾಲ್ಲೂಕಿಗೆ ಒಂದೇ ಫಾರಂ

ಕಣ್ಣು ಕಾಣದವಳು ಕೌಂಟರಿನಲ್ಲಿ ಕೂತು ದಾಸ್ತಾನು ಪ್ರಮಾಣಪತ್ರ ಕೊಡುವುದು ಆಗದ ಕೆಲಸ ಎಂದು ಮೊದಲು ಹೇಳಿದವರು ನ್ಯಾಮತಿ ಬೆಳೆಗಾರರ ಸಂಘದ ಕಾರ್ಯದರ್ಶಿ. ಎರಡನೆಯವರು ನಮ್ಮ ಮಾಲೀಕರು. ಮೂರನೆಯವಳು ನಾನು. ಅವರಿಬ್ಬರು ಬಾಯಿಬಿಟ್ಟು ಹೇಳಿದರು, ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ಅಷ್ಟೇ ವ್ಯತ್ಯಾಸ.

ಚನ್ನಗಿರಿಯಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಆಫೀಸು. ಮೂರು ಕಂಪ್ಯೂಟರು, ಒಂದು ಪ್ರಿಂಟರು, ಮಾಲೀಕರು ಮತ್ತು ನಾನು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಕಡೆಯ ಬೆಳೆಗಾರರ ಸಂಘಗಳಿಗೆ ನಾವು ಒಂದು ವೆಬ್ ಅಪ್ಲಿಕೇಶನ್ ನಡೆಸುತ್ತೇವೆ. ರೈತರು ಸಂಘದ ಗೋದಾಮಿಗೆ ಬೆಳೆ ತಂದು ಇಳಿಸಿದಾಗ ಎಷ್ಟು ಚೀಲ, ತೇವಾಂಶ ಎಷ್ಟು, ಯಾವ ದರ್ಜೆ ಎಂದು ಕೌಂಟರಿನವರು ಫಾರಂ ತುಂಬಬೇಕು. ತುಂಬಿದರೆ ಪ್ರಮಾಣಪತ್ರ ಅಚ್ಚಾಗಿ ಹೊರಗೆ ಬರುತ್ತದೆ. ಅದು ಕೈಯಲ್ಲಿದ್ದರೆ ಮಾತ್ರ ರೈತ ನಿಶ್ಚಿಂತೆಯಿಂದ ಬಸ್ ಹತ್ತುತ್ತಾನೆ.

ನ್ಯಾಮತಿಯ ಕೌಂಟರಿಗೆ ಹೊಸ ಆಪರೇಟರ್ ಬಂದಳು. ಪರೀಕ್ಷೆ ಬರೆದು, ಮೊದಲ ಸ್ಥಾನದಲ್ಲಿ ಪಾಸಾಗಿ ಬಂದವಳು. ಹುಟ್ಟಿನಿಂದ ದೃಷ್ಟಿಯಿಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಹಾಕಿಕೊಂಡು, ಬರೀ ಕೀಬೋರ್ಡಿನಲ್ಲಿ ಕೆಲಸ ಮಾಡುತ್ತಾಳೆ. ಕಾರ್ಯದರ್ಶಿಗೆ ಸಮಾಧಾನವಿರಲಿಲ್ಲ. ಆಡಳಿತ ಮಂಡಳಿ ಕೂತು ಒಂದು ಮಾತಿಗೆ ಬಂತು. ಎರಡು ತಿಂಗಳು ನೋಡುವುದು, ಆಮೇಲೆ ಮಂಡಳಿಯ ಎದುರು ಅವಳು ಯಾರ ಸಹಾಯವೂ ಇಲ್ಲದೆ ಒಂದು ಪ್ರಮಾಣಪತ್ರ ಮಾಡಿ ರೈತನ ಕೈಗೆ ಕೊಡಬೇಕು. ಆಗದಿದ್ದರೆ ಕೆಲಸ ಇಲ್ಲ.

ಮೊದಲ ವಾರವೇ ಅವಳು ನಮ್ಮ ಮಾಲೀಕರಿಗೆ ಫೋನ್ ಮಾಡಿದಳು. ಮಾಲೀಕರು ಸ್ಪೀಕರ್ ಹಾಕಿದ್ದರು. "ಸರ್, ನಿಮ್ಮ ಫಾರಂ ನಾಲ್ಕು ಊರಿಗೆ ನಾಲ್ಕು ಥರ ಐತಂತೆ. ಒಂದರಾಗೆ ಸರಿ ಮಾಡಿದ್ದು ಇನ್ನೊಂದರಾಗೆ ಇರಲ್ವಂತೆ. ಎಲ್ಲಾ ಸೇರಿಸಿ ಒಂದೇ ಮಾಡಾಕೆ ಆಗಲ್ವಾ?"

ಫೋನ್ ಇಟ್ಟ ಮೇಲೆ ಮಾಲೀಕರು ನನ್ನ ಕಡೆ ತಿರುಗಿದರು. "ನೋಡಮ್ಮ, ಕಣ್ಣಿಲ್ಲದಿದ್ರೂ ಎಷ್ಟು ಸೂಕ್ಷ್ಮವಾಗಿ ಹೇಳಿದ್ಲು!"

ನನಗೆ ಮೈಯೆಲ್ಲ ಉರಿಯಿತು. ಅದೇ ಮಾತನ್ನು ನಾನು ಒಂದು ವರ್ಷದ ಹಿಂದೆ ಎರಡು ಹಾಳೆಯಲ್ಲಿ ಬರೆದು ಅವರ ಮೇಜಿನ ಮೇಲೆ ಇಟ್ಟಿದ್ದೆ. ಅದರ ಮೇಲೆ ಅವರು ಟೀ ಲೋಟ ಇಟ್ಟುಕೊಂಡಿದ್ದರು. ಜಗಳೂರು ಸೀಮೆಯ ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದ ಮೊದಲನೆಯವಳು ನಾನು. ಬಿ.ಸಿ.ಎ. ಮೂರು ವರ್ಷ ಇಂಗ್ಲಿಷ್ ಪುಸ್ತಕದ ಪ್ರತಿ ಸಾಲಿನ ಮೇಲೂ ಪೆನ್ಸಿಲ್ಲಿನಲ್ಲಿ ಕನ್ನಡ ಬರೆದುಕೊಂಡು ಓದಿದವಳು. ಅಂಥ ನನ್ನ ಎರಡು ಹಾಳೆಗೆ ಇಲ್ಲದ ಬೆಲೆ ಅವಳ ಎರಡು ಮಾತಿಗೆ ಬಂತು.

ಫಾರಂ ನಾಲ್ಕಾಗಿದ್ದು ಹೇಗೆ ಎಂಬುದು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ನಮ್ಮ ಕಡೆಯ ಸಂಘಗಳ ಜಂಬವೇ ಹಾಗೆ. ಹೊನ್ನಾಳಿಯವರಿಗೆ ಬೆಳೆಗಳ ಪಟ್ಟಿಯಲ್ಲಿ ಭತ್ತ ಮೊದಲು ಬರಬೇಕು. ಚನ್ನಗಿರಿಯವರಿಗೆ ಅಡಿಕೆ. ಜಗಳೂರಿನವರಿಗೆ ಮೆಕ್ಕೆಜೋಳ, ಅದರ ಹಿಂದೆ ಈರುಳ್ಳಿ. ನ್ಯಾಮತಿ ಹೊಸ ತಾಲ್ಲೂಕು. ಹೊನ್ನಾಳಿಯದರ ಹಾಗೆ ಕಾಣಬಾರದು ಎಂಬುದೊಂದೇ ಅವರ ಷರತ್ತು. ಮಾಲೀಕರು ಯಾರಿಗೂ ಇಲ್ಲ ಎನ್ನದೆ, ಒಂದು ಫೈಲನ್ನು ಕಾಪಿ ಮಾಡಿ, ಬಣ್ಣ ಬದಲಿಸಿ, ಸಾಲು ಹಿಂದೆಮುಂದೆ ಮಾಡಿ ಕೊಡುತ್ತ ಬಂದರು. ಹೊಸದೇನಾದರೂ ಬೇಕಾದಾಗ ಒಂದು ಊರಿನದರಲ್ಲಿ ಸೇರಿಸಿ, ಅದನ್ನೇ ಉಳಿದ ಮೂರರ ಮೇಲೆ ಕಾಪಿ ಮಾಡಿ, ಮತ್ತೆ ಬಣ್ಣ ಹಚ್ಚುವುದು. ಇದೇ ನಮ್ಮ ಪದ್ಧತಿ.

ಮೂರು ವಾರ ಬಿಟ್ಟು ನನ್ನನ್ನು ನ್ಯಾಮತಿಗೆ ಕಳಿಸಿದರು. ಹೊನ್ನಾಳಿಯಲ್ಲಿ ಬಸ್ ಬದಲಿಸಿ ಹೋದೆ. ಸಂಘದ ಜಗಲಿಯ ಮೇಲೆ ಒಬ್ಬ ಹೆಂಗಸು ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಆಪರೇಟರಿನ ಚಿಕ್ಕಮ್ಮ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಜೊತೆಗೆ ಬಂದು, ಸಂಜೆವರೆಗೆ ಅಲ್ಲೇ ಕೂತು, ಜೊತೆಗೆ ಕರೆದುಕೊಂಡು ಹೋಗುತ್ತಾರೆ ಎಂದು ಕಾರ್ಯದರ್ಶಿ ಹೇಳಿದರು. "ಯಾವಾಗ ಮನೆಗೆ ಕಳಿಸ್ತಾರೋ ಅಂತ ಕಾಯ್ತಾಳೆ ಪಾಪ," ಎಂದೂ ಸೇರಿಸಿದರು. ನನಗೆ ಅದೂ ಚುಚ್ಚಿತು. ನನ್ನ ಡಿಗ್ರಿ ಪರೀಕ್ಷೆಗೆ ನಾನೊಬ್ಬಳೇ ಹೋಗಿ ಒಬ್ಬಳೇ ಬಂದಿದ್ದೆ. ಮನೆಯವರಿಗೆ ಅದು ಯಾವ ಪರೀಕ್ಷೆ ಎಂಬುದೂ ಗೊತ್ತಿರಲಿಲ್ಲ.

"ಬರ್ರಿ ಅಕ್ಕ," ಎಂದಳು ಆಪರೇಟರ್. "ನಿಮ್ಮ ಫಾರಂ ನನಗೆ ಏನು ಹೇಳ್ತೈತೆ, ನೀವೇ ಕೇಳ್ರಿ." ಇಯರ್‌ಫೋನ್ ಕಿತ್ತಳು. ಟ್ಯಾಬ್ ಒತ್ತಿದಳು.

"ಎಡಿಟ್," ಎಂದಿತು ಕಂಪ್ಯೂಟರು. ಮತ್ತೊಂದು ಟ್ಯಾಬ್. "ಎಡಿಟ್." ಮತ್ತೊಂದು. "ಎಡಿಟ್."

"ಹನ್ನೊಂದು ಸಲ ಎಡಿಟ್ ಅಂತೈತೆ. ಎಷ್ಟನೇ ಎಡಿಟ್‌ನಾಗೆ ಚೀಲ, ಎಷ್ಟನೇದರಾಗೆ ತೇವ ಅಂತ ಎಣಿಸ್ಕಂಡು ಬಾಯಿಪಾಠ ಮಾಡೀನಿ. ಬರೆದಿರೋದನ್ನ ಓದು ಅಂದ್ರೆ ಇನ್ನೂ ಮಜಾ ಐತೆ, ಕೇಳ್ರಿ."

ಮುಂದೆ ಬಂದದ್ದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. "ಪಿ, ಎ, ಪೌಂಡ್, ಎ, ಕ್ಯೂ," ಎಂದು ಒಂದೇ ಸಮನೆ ಗೊಣಗಿತು. ನನಗೆ ಕಾರಣ ತಕ್ಷಣ ಗೊತ್ತಾಯಿತು. ಫಾರಮ್ಮಿನ ಕನ್ನಡವೆಲ್ಲ ಹಳೆಯ ಕಾಲದ ಫಾಂಟಿನದು. ಯೂನಿಕೋಡ್ ಅಲ್ಲ. ಮೇಲೆ ಕಣ್ಣಿಗೆ ಚಂದದ ಕನ್ನಡ ಕಾಣುತ್ತದೆ, ಒಳಗೆ ಕಂಪ್ಯೂಟರಿಗೆ ಸಿಗುವುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ರಾಶಿ. ಸಂಘದ ಹಳೆಯ ಅಚ್ಚಿನ ಫಾರಮ್ಮಿನಿಂದ ಎತ್ತಿ ಅಂಟಿಸಿದ್ದು ಅದು. ಅಂಟಿಸಿದವಳು ನಾನೇ.

ಅವಳು ತೋರಿಸುತ್ತ ಹೋದಳು. "ಉಳಿಸು" ಎಂಬ ಗುಂಡಿ ನಿಜವಾದ ಗುಂಡಿಯೇ ಅಲ್ಲ, ಬಣ್ಣ ಬಳಿದ ಡಬ್ಬಿ. ಮೌಸಿಗೆ ಮಾತ್ರ ಕೇಳುತ್ತದೆ, ಕೀಬೋರ್ಡು ಅಲ್ಲಿಗೆ ಹೋಗುವುದೇ ಇಲ್ಲ. ಗೋದಾಮಿನವನನ್ನು ಕರೆದು ಅವನ ಕೈಯಲ್ಲಿ ಒತ್ತಿಸಬೇಕು. ಬೆಳೆ ಆರಿಸಲು ಬರೀ ಚಿತ್ರಗಳು, ಚಿತ್ರಕ್ಕೆ ಹೆಸರಿಲ್ಲ. ತಪ್ಪು ತುಂಬಿದರೆ ಖಾನೆಯ ಅಂಚು ಕೆಂಪಾಗುತ್ತದೆ, ಬೇರೆ ಸೂಚನೆಯಿಲ್ಲ. ಉಳಿಯಿತೋ ಇಲ್ಲವೋ ತಿಳಿಯದೆ ಒಬ್ಬ ರೈತನಿಗೆ ಎರಡು ಪ್ರಮಾಣಪತ್ರ ಬಂದದ್ದೂ ಇತ್ತು.

ಇಷ್ಟನ್ನೂ ಅವಳು ನಗುನಗುತ್ತಲೇ ಹೇಳಿದಳು. ಸ್ಕ್ರೀನ್ ರೀಡರನ್ನು ಅವಳು ಓಡಿಸುವ ವೇಗದಲ್ಲಿ ನನಗೆ ಒಂದು ಪದವೂ ಹಿಡಿಯಲಾಗಲಿಲ್ಲ. ನಾನು ಬರೆದ ಪುಟದಲ್ಲಿ ನನಗಿಂತ ಚೆನ್ನಾಗಿ ಅವಳು ತಿರುಗಾಡುತ್ತಿದ್ದಳು. ಅಯ್ಯೋ ಪಾಪ ಎಂದುಕೊಂಡು ಹೋದವಳು ಹೊಟ್ಟೆಕಿಚ್ಚು ಹೊತ್ತುಕೊಂಡು ವಾಪಸ್ ಬಂದೆ.

ಹೊಟ್ಟೆಕಿಚ್ಚಿನಲ್ಲಿ ಮಾಡಿದ ಕೆಲಸ ಹೇಗಿರುತ್ತದೋ ಹಾಗೇ ಆಯಿತು. ಬೇರಿಗೆ ಕೈ ಹಾಕುವ ಬದಲು ತೇಪೆ ಹಚ್ಚಿದೆ. ನ್ಯಾಮತಿಯ ಫೈಲ್ ಒಂದನ್ನೇ ತೆಗೆದು, ಪ್ರತಿ ಖಾನೆಗೂ ಕಣ್ಣಿಗೆ ಕಾಣದ, ರೀಡರಿಗೆ ಮಾತ್ರ ಕೇಳುವ ಒಂದೊಂದು ಹೆಸರು ಅಂಟಿಸಿದೆ. ಬಣ್ಣದ ಡಬ್ಬಿಗೆ ಕೀಬೋರ್ಡು ತಲುಪುವಂತೆ ಎರಡು ಸಾಲು ತುರುಕಿದೆ. ಅರ್ಧ ದಿನದ ಕೆಲಸ. ಮಾಲೀಕರಿಗೆ "ಆಯ್ತು ಸರ್" ಎಂದೆ. ಉಳಿದ ಮೂರು ಫೈಲಿನಲ್ಲಿ ಇದಿಲ್ಲ ಎಂಬುದನ್ನಾಗಲಿ, ನ್ಯಾಮತಿಯದರ ಮೇಲೆ ಏನನ್ನೂ ಕಾಪಿ ಮಾಡಬೇಡಿ ಎಂಬುದನ್ನಾಗಲಿ ಹೇಳಲಿಲ್ಲ. ಮರೆತೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ. ಕೇಳಲಿ, ಆಗ ಹೇಳೋಣ ಎಂಬ ಬಿಗುಮಾನ.

ಹತ್ತು ದಿನ ಎಲ್ಲ ಸುಗಮವಾಗಿತ್ತು. ಮಾಲೀಕರು ನಾಲ್ಕೂ ಕಾರ್ಯದರ್ಶಿಗಳಿಗೆ ಫೋನಿನಲ್ಲಿ ಹೇಳಿದ್ದೇ ಹೇಳಿದ್ದು: "ಆ ಹುಡುಗಿ ಹೇಳಿದ್ಮೇಲೆ ನಮ್ಮ ಸಾಫ್ಟ್‌ವೇರು ಭಾರಿ ಸುಧಾರಿಸೇತ್ರಿ." ಎದುರು ಮೇಜಿನಲ್ಲಿ ಕೂತು ಅದನ್ನು ಕೇಳುತ್ತಿದ್ದೆ.

ಆಮೇಲೆ ಹೊನ್ನಾಳಿಯವರು ಫಾರಮ್ಮಿನಲ್ಲಿ ಗಾಡಿ ನಂಬರಿಗೆ ಒಂದು ಖಾನೆ ಬೇಕೆಂದರು. ಹೊನ್ನಾಳಿಯದರಲ್ಲಿ ಸೇರಿಸಿ, ಎರಡು ದಿನ ರಜೆ ಹಾಕಿ ಊರಿಗೆ ಹೋದೆ. ಮಾಲೀಕರು ಎಂದಿನಂತೆ ಅದನ್ನೇ ಉಳಿದ ಮೂರರ ಮೇಲೆ ಕಾಪಿ ಮಾಡಿ ಬಣ್ಣ ಹಚ್ಚಿದರು. ನಾನು ಅಂಟಿಸಿದ ಹೆಸರುಗಳೆಲ್ಲ ಅಳಿಸಿಹೋದವು. ಖಾನೆಗಳ ಎಣಿಕೆಯೂ ಒಂದು ಹೆಚ್ಚಾಯಿತು.

ರಜೆ ಮುಗಿಸಿ ಬಂದ ದಿನ ಹೊಸ ಪ್ರಿಂಟರ್ ಕೂಡಿಸಲು ನ್ಯಾಮತಿಗೆ ಹೋಗಿದ್ದೆ. ಗೋದಾಮಿನಲ್ಲಿ ಮೆಕ್ಕೆಜೋಳ ಇಳಿದಿತ್ತು. ಗೋದಾಮಿನವನು ಕೂಗಿ ಹೇಳಿದ: "ಚೀಲ ಅರವತ್ತು, ತೇವ ಹದಿನಾಲ್ಕು." ಆಪರೇಟರ್ ಟ್ಯಾಬ್ ಒತ್ತಿದಳು. ಒಂದು ಗಳಿಗೆ ಕೈ ನಿಂತಿತು. ಮತ್ತೆ ಒತ್ತಿದಳು. ಇಯರ್‌ಫೋನಿನ ಸಂದಿಯಿಂದ ನನಗೂ ಸಣ್ಣಗೆ ಕೇಳಿಸಿತು: ಎಡಿಟ್, ಎಡಿಟ್. ಅವಳು ಹಳೆಯ ಬಾಯಿಪಾಠಕ್ಕೆ ಹೋದಳು, ಎಣಿಸಿ ತುಂಬಿದಳು. ಹೊಸ ಖಾನೆಯಿಂದಾಗಿ ಅವಳ ಎಣಿಕೆಗಿಂತ ಎಲ್ಲವೂ ಒಂದೊಂದು ಖಾನೆ ಜಾರಿತ್ತು; ದಾರಿ ತಪ್ಪಿತು ಎನಿಸಿ ಅವಳು ಹಿಂದೆಮುಂದೆ ಹೋಗಿ ಬಂದಳು, ಎರಡು ಅಂಕಿ ಅದಲುಬದಲಾದವು. ಉಳಿಸುವ ಡಬ್ಬಿಯೂ ಕೀಬೋರ್ಡಿಗೆ ಸಿಗದೆ, ಗೋದಾಮಿನವನು ಬಂದು ಮೌಸಿನಲ್ಲಿ ಒತ್ತಿಕೊಟ್ಟ. ಕಾಗದ ಹೊರಬಂತು. ಚೀಲ ಹದಿನಾಲ್ಕು, ತೇವಾಂಶ ಶೇಕಡ ಅರವತ್ತು.

ರೈತ ಓದಿಕೊಂಡು ಜೋರಾಗಿ ನಕ್ಕ. "ಅರವತ್ತು ಪರ್ಸೆಂಟ್ ತೇವ ಅಂದ್ರೆ ಇದು ಜೋಳ ಅಲ್ಲವ್ವ, ಸೂಳೆಕೆರೆನೇ ಹೊತ್ತು ತಂದೀನಿ ನಾನು!"

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಕಾರ್ಯದರ್ಶಿ ನಗಲಿಲ್ಲ. "ಅದಕ್ಕೇ ನಾನು ಬಡ್ಕಂಡಿದ್ದು. ಮಂಡಳಿ ಮುಂದೆ ಹೋಗೋದೇ ಬ್ಯಾಡ. ಇವತ್ತೇ ಬರೆದು ಕಳಿಸ್ತೀನಿ."

"ನನ್ನ ಎಣಿಕೆ ತಪ್ತು ಸರ್," ಎಂದಳು ಅವಳು.

ಆ ಗಳಿಗೆಯಲ್ಲಿ ನನಗೆ ಒಳಗೊಳಗೇ ಹಿತವಾಯಿತು. ಬರೆಯಲು ನಾಚಿಕೆ, ಆದರೂ ಬರೆಯುತ್ತಿದ್ದೇನೆ. ಎಲ್ಲರೂ ಹೊಗಳುವವಳು ಒಮ್ಮೆ ತಪ್ಪಿದಳಲ್ಲ ಎಂಬ ಹಿತ. ಪ್ರಿಂಟರ್ ಕೂಡಿಸಿ, ಏನೂ ಹೇಳದೆ ಬಸ್ ಹತ್ತಿದೆ.

ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಚನ್ನಗಿರಿ ಬಸ್ಸಿಗೆ ನಿಂತಾಗ ಆ ಹಿತ ಇಂಗಿಹೋಗಿತ್ತು. ಅವಳ ಕೆಲಸ ಹೋಗುವುದು ನನ್ನ ಅರ್ಧ ದಿನದ ತೇಪೆಯಿಂದ. ಕಾಲೇಜಿನಲ್ಲಿ ಒಮ್ಮೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಯಾರೋ ಕೆಡಿಸಿಟ್ಟ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿ, "ನಿಮ್ಮಂಥೋರಿಗೆ ಇದೆಲ್ಲ ಯಾಕೆ" ಎಂದವರಿದ್ದರು. ನಾನೀಗ ಮಾಡಿದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ? ಚನ್ನಗಿರಿ ಬಸ್ ಬಂತು. ಹತ್ತಲಿಲ್ಲ. ನ್ಯಾಮತಿಯ ಬಸ್ಸಿಗೇ ವಾಪಸ್ ಹತ್ತಿದೆ.

ಕಾರ್ಯದರ್ಶಿ ಬೀಗ ಹಾಕಿಸುತ್ತಿದ್ದರು. "ತಪ್ಪು ಅವಳದಲ್ಲ ಸರ್, ನಂದು," ಎಂದು ನಡೆದದ್ದನ್ನೆಲ್ಲ ಹೇಳಿದೆ. ತೇಪೆ, ಕಾಪಿ, ಅಳಿಸಿಹೋದ ಹೆಸರು, ಎಲ್ಲ.

ಅವರು ಬೀಗವನ್ನೊಮ್ಮೆ ಎಳೆದು ನೋಡಿದರು. "ಓದಿದೋರು ನೀವೇ ಹಿಂಗೆ ಮಾಡಿದ್ರೆ ಹೆಂಗಮ್ಮ?" ಆಮೇಲೆ, "ಮಂಡಳಿ ಸೇರಾಕೆ ಇನ್ನ ಹದಿನೈದು ದಿನ ಐತೆ. ಅಷ್ಟರಾಗೆ ಆಗ್ಲಿಲ್ಲ ಅಂದ್ರೆ ನನ್ನ ಕೇಳಬ್ಯಾಡ್ರಿ."

ಆಪರೇಟರ್ ಚಿಕ್ಕಮ್ಮನ ಕೈ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದಳು. "ಹೆಸರು ಹೋಗಿದ್ದು ನನಗೆ ಆಗಲೇ ಗೊತ್ತಾತು ಅಕ್ಕ. ನೀವು ಪಕ್ಕದಾಗೇ ಇದ್ರಲ್ಲ, ಹೇಳ್ತೀರೋ ಇಲ್ಲೋ ಅಂತ ಕಾಯ್ತಿದ್ದೆ," ಎಂದಳು. ದನಿಯಲ್ಲಿ ಕ್ಷಮೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅವಳ ಆ ಮಾತೊಂದು ಮಾತ್ರ ನನಗೆ ಹೊಟ್ಟೆಕಿಚ್ಚು ತರಿಸಲಿಲ್ಲ, ನಾಚಿಕೆ ತರಿಸಿತು.

ಮರುದಿನ ಮಾಲೀಕರ ಎದುರು ನಿಂತೆ. ತೇಪೆಯ ವಿಷಯ ಹೇಳಿ ಬೈಸಿಕೊಂಡೆ. ಆಮೇಲೆ, ನಾಲ್ಕೂ ಫೈಲನ್ನು ಬಿಸಾಕಿ ಒಂದೇ ಫಾರಂ ಬರೆಯುತ್ತೇನೆ ಎಂದೆ.

"ನಾಲ್ಕು ಕಾರ್ಯದರ್ಶಿಗಳು ನನ್ನ ತಿಂದು ಹಾಕ್ತಾರೆ."

"ಅವರಿಗೆ ಬೇಕಾಗಿರೋದು ಬಣ್ಣ, ಬೆಳೆ ಪಟ್ಟಿ ಅಷ್ಟೇ ಸರ್. ಅದನ್ನ ಬೇರೆ ಇಡ್ತೀನಿ. ಅವರ ಜಂಬಕ್ಕೆ ಒಂದು ಕೂದಲೂ ಕೊಂಕಲ್ಲ."

ಅವರು ನಕ್ಕುಬಿಟ್ಟರು. ಒಪ್ಪಿದರು.

ಮೊದಲ ಮೂರು ದಿನ ಒಂದು ಸಾಲೂ ಬರೆಯಲಿಲ್ಲ. ನಾಲ್ಕು ಫೈಲನ್ನು ಪಕ್ಕಪಕ್ಕ ಇಟ್ಟುಕೊಂಡು ಎಲ್ಲಿ ನಿಜವಾಗಿ ಬೇರೆ, ಎಲ್ಲಿ ಸುಮ್ಮನೆ ಬೇರೆ ಎಂದು ಗುರುತು ಹಾಕಿದೆ. ಮೂರು ಮೂರು ಸಾವಿರ ಸಾಲಿನ ಫೈಲುಗಳು. ನಿಜವಾಗಿ ಬೇರೆಯಿದ್ದದ್ದು ಒಂದು ಹಾಳೆಗೆ ಸಾಕಾಯಿತು: ಬಣ್ಣ, ಶೀರ್ಷಿಕೆ, ಬೆಳೆಗಳ ಕ್ರಮ. ಅದನ್ನು ಊರಿಗೊಂದರಂತೆ ಸಣ್ಣ ಪಟ್ಟಿ ಮಾಡಿಟ್ಟೆ. ಉಳಿದದ್ದು ಒಂದೇ ಫಾರಂ. ಖಾನೆ ಎಂದರೆ ಒಂದು ತುಣುಕು: ಅದರ ಹೆಸರು, ಅದರ ಪೆಟ್ಟಿಗೆ, ತಪ್ಪಾದರೆ ಬರುವ ಮಾತು, ಮೂರೂ ಒಟ್ಟಿಗೆ ಹೊಲಿದಂತೆ. ಹೆಸರಿಲ್ಲದೆ ಖಾನೆ ಮಾಡಲು ಹೋದರೆ ಫಾರಂ ತೆರೆಯುವುದೇ ಇಲ್ಲ. ಇನ್ನು ಮುಂದೆ ನಾನಾಗಲಿ ಮಾಲೀಕರಾಗಲಿ ಎಷ್ಟೇ ಅವಸರದಲ್ಲಿದ್ದರೂ ಹೆಸರು ಬಿಟ್ಟುಹೋಗುವಂತಿಲ್ಲ. ಬಣ್ಣದ ಡಬ್ಬಿ ಕಿತ್ತು ನಿಜವಾದ ಗುಂಡಿ ಹಾಕಿದೆ. ಬೆಳೆಯ ಚಿತ್ರಗಳ ಜಾಗಕ್ಕೆ ಸಾದಾ ಪಟ್ಟಿ. ತಪ್ಪಾದರೆ ಕೆಂಪು ಅಂಚಿನ ಜೊತೆಗೆ ಒಂದು ವಾಕ್ಯ, ಮತ್ತು ಕರ್ಸರ್ ನೇರವಾಗಿ ಆ ಖಾನೆಗೇ ಹೋಗಬೇಕು. ಆಗದ ಅಂಕಿಯನ್ನು ಫಾರಂ ತೆಗೆದುಕೊಳ್ಳಬಾರದು. ಉಳಿದ ತಕ್ಷಣ ರೀಡರ್ ಹೇಳಬೇಕು: ಪ್ರಮಾಣಪತ್ರ ಸಿದ್ಧವಾಗಿದೆ.

ಕಷ್ಟ ಕೊಟ್ಟದ್ದು ಕನ್ನಡ. ಫಾರಮ್ಮಿನ ಮಾತುಗಳನ್ನು ಯೂನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡಿದರೆ ಮುಗಿಯಿತು. ಆದರೆ ಸದಸ್ಯರ ಹೆಸರುಗಳೂ ಹಳೆಯ ಫಾಂಟಿನಲ್ಲೇ ಇದ್ದವು. ಬದಲಿಸುವ ಒಂದು ಪ್ರೋಗ್ರಾಂ ಬರೆದು ಓಡಿಸಿದೆ. ನೋಡಿದರೆ ಎಷ್ಟೋ ಹೆಸರಿನ ಒತ್ತಕ್ಷರಗಳು ಕಿತ್ತು ಬೇರೆ ಕಡೆ ಕೂತಿದ್ದವು. ಎರಡು ದಿನ ಹೋಯಿತು. ಮೂರನೇ ದಿನ ಆಪರೇಟರಿಗೆ ಫೋನ್ ಮಾಡಿದೆ. ಕೇಳಬಾರದು ಎಂದು ಹಲ್ಲು ಕಚ್ಚಿಕೊಂಡಿದ್ದೆ, ಬೇರೆ ದಾರಿಯಿರಲಿಲ್ಲ.

"ಕಳಸ್ರಿ ಅಕ್ಕ. ನೋಡಿ ಹುಡುಕೋದಕ್ಕಿಂತ ಕೇಳಿ ಹುಡುಕೋದು ಬೇಗ ಆಕ್ಕೈತೆ."

ಪಟ್ಟಿಯನ್ನು ರೀಡರಿನಲ್ಲಿ ಓಡಿಸಿಕೊಂಡು ಕೇಳುತ್ತ, ಮುಗ್ಗರಿಸಿದ ಹೆಸರನ್ನೆಲ್ಲ ಗುರುತು ಹಾಕಿ ಮರುದಿನ ಮಧ್ಯಾಹ್ನಕ್ಕೆ ಕಳಿಸಿದಳು. ನನಗೆ ಒಂದು ವಾರ ಹಿಡಿಯುತ್ತಿತ್ತು. ಆ ಗುರುತುಗಳಿಂದಲೇ ನನ್ನ ಪ್ರೋಗ್ರಾಮಿನ ತಪ್ಪು ಎಲ್ಲಿದೆ ಎಂದು ಸಿಕ್ಕಿತು. ಸಂತೋಷಪಡಬೇಕಿತ್ತು. ಅವಳ ಕಿವಿ ನನಗಿಲ್ಲವಲ್ಲ ಎಂಬುದೇ ಮನಸ್ಸಿನಲ್ಲಿ.

ಅವಳ ಕಿವಿ ಬರದಿದ್ದರೂ ಅವಳ ಪಾಡು ಗೊತ್ತಾಗಲಿ ಎಂದು ಮಾನಿಟರ್ ಮೇಲೆ ಟವೆಲ್ ಹೊದಿಸಿ, ಮೌಸ್ ತೆಗೆದಿಟ್ಟು, ಬರೀ ಕೇಳಿಕೊಂಡು ಪ್ರಮಾಣಪತ್ರ ಮಾಡಲು ಕೂತೆ. ಮೊದಲ ಸಲ ದಿನಾಂಕದ ಕ್ಯಾಲೆಂಡರಿನಲ್ಲಿ ಸಿಕ್ಕಿಕೊಂಡು ಹೊರಗೇ ಬರಲಾಗಲಿಲ್ಲ. ಕ್ಯಾಲೆಂಡರ್ ಕಿತ್ತು, ದಿನಾಂಕವನ್ನು ಟೈಪ್ ಮಾಡುವ ಸಾದಾ ಖಾನೆ ಇಟ್ಟೆ. ಎರಡನೆಯ ಸಲ ಮುದ್ರಣದ ಕಿಟಕಿ ತೆರೆದದ್ದು ತಿಳಿಯಲಿಲ್ಲ. ಅದನ್ನೂ ತಿದ್ದಿದೆ. ಆರನೆಯ ಸಲ ಟವೆಲ್ ತೆಗೆಯದೆ ಕಾಗದ ಬಂತು. ಕೆಳಗಿನ ಅಂಗಡಿಯವರು ಏನೋ ಕೇಳಲು ಮೇಲೆ ಬಂದು, "ಕಂಪ್ಯೂಟರಿಗೆ ಚಳಿ ಹತ್ತೈತೇನಮ್ಮ?" ಎಂದು ಹೋದರು.

ಮಂಡಳಿ ಸೇರುವ ಎರಡು ದಿನ ಮೊದಲು ಹೊಸ ಫಾರಂ ನಾಲ್ಕೂ ಊರಿಗೆ ಹೋಯಿತು. ಹೊನ್ನಾಳಿಯವರಿಗೆ ಭತ್ತ ಮೊದಲು, ಜಗಳೂರಿನವರಿಗೆ ಮೆಕ್ಕೆಜೋಳ ಮೊದಲು. ಒಳಗೆ ಎಲ್ಲ ಒಂದೇ ಎಂದು ಯಾರಿಗೂ ಗೊತ್ತಾಗಲಿಲ್ಲ. ಜಗಳೂರಿನವರು ಮಾತ್ರ ಫೋನ್ ಮಾಡಿ, "ನಮ್ಮ ಫಾರಂ ಬಾಕಿ ಮೂರಕ್ಕಿಂತ ಚಂದ ಐತೆ" ಎಂದು ಹೇಳಿದರಂತೆ.

ಮಂಡಳಿಯ ಐವರು ಕೌಂಟರಿನ ಸುತ್ತ ಕುರ್ಚಿ ಹಾಕಿಕೊಂಡು ಕೂತರು. ಸವಳಂಗದ ಕಡೆಯ ರೈತರೊಬ್ಬರು ಮೆಕ್ಕೆಜೋಳ ತಂದಿದ್ದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಕಾರ್ಯದರ್ಶಿ ರೈತರ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಅವರು ಹೆಸರು, ಊರು ಹೇಳಿ ಸದಸ್ಯ ಸಂಖ್ಯೆ ಹೇಳದೆ ಸುಮ್ಮನಾದರು. ಆಪರೇಟರ್ ತುಂಬುತ್ತ ಹೋದಳು. ಕೊನೆಗೆ ಉಳಿಸು ಒತ್ತಿದಳು. ಕಿವಿಗೊಟ್ಟು ಕೇಳಿದಳು.

"ಯಜಮಾನ್ರೇ, ಸದಸ್ಯ ಸಂಖ್ಯೆ ಬಿಟ್ಟೀರಿ. ಕಾರ್ಯದರ್ಶಿಗಳು ಹೇಳಬ್ಯಾಡ ಅಂದ್ರೂ ನೀವು ಹೇಳಬೇಕು, ಇಲ್ಲಾಂದ್ರೆ ಇದು ಬಿಡಲ್ಲ."

ಮಂಡಳಿಯವರು ನಕ್ಕರು. ಕಾರ್ಯದರ್ಶಿಯೂ ತಲೆ ಕೆರೆದುಕೊಂಡು ನಕ್ಕರು. ರೈತರು ಸಂಖ್ಯೆ ಹೇಳಿದರು. ಅವಳು ತುಂಬಿ ಒತ್ತಿದಳು. ಪ್ರಿಂಟರ್ ಕಾಗದ ಎಳೆದುಕೊಂಡಿತು.

"ಈ ಹುಡುಗಿ ಇಲ್ಲೇ ಇರ್ಲಿ," ಎಂದರು ಅಧ್ಯಕ್ಷರು. "ಎಷ್ಟು ಜಾಣೆ ನೋಡ್ರಿ." ಎಲ್ಲರೂ ಅವಳನ್ನೇ ಹೊಗಳಿದರು. ಗೋಡೆಯ ಕಡೆ ಯಾರೂ ತಿರುಗಲಿಲ್ಲ. ಕಿಚ್ಚು ಆಗಲೂ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಕಾಗದದಲ್ಲಿ ಚೀಲ, ತೇವಾಂಶ, ಹೆಸರು, ಎಲ್ಲ ಸರಿಯಿರಲಿ ಎಂದು ಅಲ್ಲಿದ್ದವರಲ್ಲಿ ಅವಳಷ್ಟೇ ತೀವ್ರವಾಗಿ ಬೇಡಿಕೊಳ್ಳುತ್ತಿದ್ದವಳು ನಾನೊಬ್ಬಳೇ.

ಎಲ್ಲ ಸರಿಯಿತ್ತು. ಅವಳು ಕಾಗದದ ಅಂಚನ್ನು ಬೆರಳಿನಲ್ಲಿ ಸವರಿ ನೇರ ಮಾಡಿ, ಕೌಂಟರಿನ ಕಿಂಡಿಯಿಂದ ಎರಡೂ ಕೈಯಲ್ಲಿ ಚಾಚಿದಳು. ರೈತರು ತೆಗೆದುಕೊಂಡು, ಎರಡು ಸಲ ಓದಿ, ಮಡಚಿ ಜೇಬಿಗಿಟ್ಟು ಹೊರಟರು.

ಚಿಕ್ಕಮ್ಮ ಜಗಲಿಯಿಂದ ಎದ್ದು ಬಾಗಿಲಿಗೆ ಬಂದರು. ಒಳಗಿನ ಮಾತೆಲ್ಲ ಕೇಳಿಸಿಕೊಂಡಿದ್ದರು. ಸೆರಗು ಕೊಡವಿ, ಒಳಗಿದ್ದ ಅವಳಿಗೆ ಕೇಳುವಂತೆ ಜೋರಾಗಿ ಹೇಳಿದರು:

"ನಾಳೆಯಿಂದ ನಾನು ಬರಲ್ಲ ಕಣೆ. ನೀನೊಬ್ಬಳೇ ಬಾ. ಹೊಲದಾಗೆ ಕಳೆ ಮೊಣಕಾಲಿಗೆ ಬಂದೈತೆ."